ಹರಿಗೋಲಿನ ಎಡೆ

ದಾವಣಗೆರೆಯ ವಿದ್ಯಾನಗರಕ್ಕೆ ಹೋಗಿ ಬಸವಣ್ಣೆಮ್ಮನ ಖಾನಾವಳಿ ಎಲ್ಲಿ ಎಂದು ಯಾರನ್ನಾದರೂ ಕೇಳಿ ನೋಡಿ. ಹಾಸ್ಟೆಲ್ಲಿನವರಿರಲಿ, ಆಟೋದವರಿರಲಿ, ದಾರಿ ಹೇಳುವ ಮೊದಲು ಒಂದು ಎಚ್ಚರಿಕೆ ಕೊಡುತ್ತಾರೆ: "ಭಾನುವಾರ ಅವಸರ ಇದ್ರೆ ಅಲ್ಲಿಗೆ ಹೋಗಬ್ಯಾಡ್ರಿ." ಸುಳ್ಳಲ್ಲ ಅದು. ವಾರದ ದಿನಗಳಲ್ಲಿ ಅಲ್ಲೂ ಟೇಬಲ್ಲು, ಕುರ್ಚಿ. ಉಂಡವನು ಕೈ ತೊಳೆದು ತನ್ನ ಪಾಡಿಗೆ ಹೋಗಬಹುದು. ಭಾನುವಾರ ಮಧ್ಯಾಹ್ನ ಮಾತ್ರ ಟೇಬಲ್ಲುಗಳು ಗೋಡೆ ಸೇರುತ್ತವೆ, ನೆಲದ ಮೇಲೆ ಉದ್ದಕ್ಕೆ ಜಮಖಾನ ಬೀಳುತ್ತದೆ. ಆವತ್ತು ಪಂಕ್ತಿ. ಪಂಕ್ತಿಯ ಕಟ್ಟುಪಾಡು ಒಂದೇ: ಕೊನೆಯವರು ಕೊನೆಯ ತುತ್ತು ನುಂಗುವ ತನಕ ಯಾರೂ ಏಳುವಂತಿಲ್ಲ.

ಒಮ್ಮೆ ಒಬ್ಬ ಬ್ಯಾಂಕಿನ ಸಾಹೇಬರು ಮೊಬೈಲು ರಿಂಗಾಯಿತೆಂದು ಎದ್ದೇಬಿಟ್ಟರು. ಬಸವಣ್ಣೆಮ್ಮ ಸೌಟು ಹಿಡಿದುಕೊಂಡೇ ಅಡ್ಡ ಬಂದಳು. "ಪಕ್ಕದೋರ ಬಾಯಾಗೆ ಇನ್ನೂ ತುತ್ತೈತೆ. ನೀವು ಎದ್ರೆ ಅವ್ರು ಹೆಂಗೆ ಉಣ್ಣಬೇಕ್ರಿ? ಕೂಡ್ರಿ." ಸಾಹೇಬರು ಕೂತರು. ಈಗ ಅವರೇ ಹೊಸಬರಿಗೆ ಕಾನೂನು ಹೇಳಿಕೊಡುತ್ತಾರೆ, ನೋಡಿ ತಮಾಷೆ!

ಈ ಖಾನಾವಳಿ ಮೊದಲಿಗೆ ಬಸವಣ್ಣೆಮ್ಮನದಲ್ಲ, ಕಾಳವ್ವನದು. ಬಸವಣ್ಣೆಮ್ಮ ನಿಟ್ಟುವಳ್ಳಿಯಿಂದ ನಡೆದು ಬಂದು ರೊಟ್ಟಿ ಬಡಿದು ಹೋಗುತ್ತಿದ್ದವಳು. ಕಾಳವ್ವನ ಭುಜ ಸೋತು ಕೈ ಮೇಲೇಳದಂತಾದಾಗ ಮುದುಕಿ ಒಲೆಯನ್ನೂ ಸೌಟನ್ನೂ ಇವಳಿಗೆ ಒಪ್ಪಿಸಿತು. ಊಟಕ್ಕೆ ಬರುವವರು ಬಿಟ್ಟಾರೆಯೇ? ಹೊಸ ಅಗಸ ಗೋಣಿ ಎತ್ತೆತ್ತಿ ಒಗೆದ ಎಂದು ಬಾಗಿಲಲ್ಲೇ ಆಡಿಕೊಂಡರು. ಮೊದಲ ಭಾನುವಾರ ಸಾರು ಬಾಯಿಗಿಟ್ಟು ಮುಖ ಮುಖ ನೋಡಿಕೊಂಡರು. ನಾಲ್ಕಾರು ಜನ ಏಳುವುದಕ್ಕೆ ಪಂಚೆ ಸರಿಮಾಡಿಕೊಳ್ಳುತ್ತಿದ್ದ ಹಾಗೇ ಕಾಳವ್ವ ಗೋಡೆ ಹಿಡಿದುಕೊಂಡು ಒಳಗೆ ಬಂದು, ಪಂಕ್ತಿಯ ಕೊನೆಗೆ ಕೂತು, ತನಗೂ ಬಡಿಸು ಎಂದಿತು. ಬಡಿಸಿದ ಮೇಲೆ ಒಂದೊಂದು ತುತ್ತನ್ನೂ ನಿಧಾನವಾಗಿ, ಹಲ್ಲಿಲ್ಲದ ಬಾಯಲ್ಲಿ ಹೊರಳಿಸಿ ಹೊರಳಿಸಿ ಉಂಡಿತು. ಮುದುಕಿ ಉಣ್ಣುವಾಗ ಏಳುವ ಧೈರ್ಯ ಯಾರಿಗಿದೆ? ಸುಮ್ಮನೆ ಕೂರಲಾರದೆ ಎಲ್ಲರೂ ಅನ್ನ ಹಾಕಿಸಿಕೊಂಡರು, ಅನ್ನದ ಮೇಲೆ ಮತ್ತೆ ಅದೇ ಸಾರು. ಕೈ ತೊಳೆಯುವಾಗ ಕಾಳವ್ವ ಎಲ್ಲರಿಗೂ ಕೇಳುವಂತೆ ಹೇಳಿತು: "ಸಾರು ನಂದಲ್ಲ. ಆದ್ರೆ ಸಾರು ಹೌದು."

ಆ ಮಾತು ಬಸವಣ್ಣೆಮ್ಮನನ್ನು ಬದುಕಿಸಿತು. ಕಾಳವ್ವ ತೀರಿಕೊಂಡು ವರ್ಷಗಳಾದರೂ ಒಲೆ ಹಚ್ಚುವಾಗ ಅದು ನೆನಪಾಗದ ದಿನವಿಲ್ಲ.

ಇನ್ನು ಹರಿಗೋಲಿನ ಕಥೆ. ತಿಮ್ಮೇಶ್ ಹರಿಹರದವನು, ಲೇತ್ ಶೆಡ್ಡಿನಲ್ಲಿ ಕೆಲಸ. ಭಾನುವಾರ ಸಂತೆ ಪೇಟೆ ಎಂದು ದಾವಣಗೆರೆಗೆ ಬಂದವನು ಬಸವಣ್ಣೆಮ್ಮನ ಪಂಕ್ತಿಗೆ ಅಂಟಿಕೊಂಡ. ಉಂಡಾದ ಮೇಲೆ ಎಲ್ಲರೂ ಏಳುವವರೆಗೆ ಕಾಯಬೇಕಲ್ಲ, ಆ ಹೊತ್ತಿನಲ್ಲಿ ಅಕ್ಕಪಕ್ಕದವರಿಗೆ ಕಥೆ ಹೇಳುತ್ತಿದ್ದ. ಹಾಗೆ ಹುಟ್ಟಿದ್ದು 'ಆಕಾಶದ ಹರಿಗೋಲು'. ಹೊಳೆಯ ಹರಿಗೋಲಿನಂತೆ ದುಂಡಗಿರುವ ಒಂದು ಅಂತರಿಕ್ಷ ನೌಕೆ. ಅದನ್ನು ನಡೆಸುವವಳು ಅಂಬಿಗರ ಚೌಡವ್ವ ಎಂಬ ಮುದುಕಿ. ನಕ್ಷತ್ರದಿಂದ ನಕ್ಷತ್ರಕ್ಕೆ ಜನರನ್ನು ದಾಟಿಸುವುದೇ ಅವಳ ಕಾಯಕ. ತಿಮ್ಮೇಶ್ ಅದನ್ನು ತನ್ನದೇ ದನಿಯಲ್ಲಿ ಮೊಬೈಲಿನಲ್ಲಿ ರೆಕಾರ್ಡು ಮಾಡಿ ಇಂಟರ್‌ನೆಟ್ಟಿಗೆ ಹಾಕುತ್ತ ಹೋದ. ನೋಡನೋಡುತ್ತ ಬೀದರಿನಿಂದ ಚಾಮರಾಜನಗರದ ತನಕ ಕೇಳುವವರು ಹುಟ್ಟಿಕೊಂಡರು. ಆ ನೌಕೆಯಲ್ಲೂ ಪಂಕ್ತಿ ಇತ್ತು. ಹೊರಗೆ ಎಂಥ ಯುದ್ಧವೇ ನಡೆಯಲಿ, ಚೌಡವ್ವನ ಪಂಕ್ತಿಯಲ್ಲಿ ಕೂತ ಶತ್ರುವೂ ಎಲ್ಲರ ಊಟ ಮುಗಿಯದೆ ಏಳುವಂತಿರಲಿಲ್ಲ. ಅರ್ಧ ಯುದ್ಧಗಳು ಅಲ್ಲೇ ಮುಗಿಯುತ್ತಿದ್ದವು.

"ಆಕಾಶದಾಗೆ ರೊಟ್ಟಿ ಹೆಂಗೆ ಬೇಯುತ್ತೋ?" ಎಂದು ಮೊದಮೊದಲು ಮೂಗು ಮುರಿದ ಬಸವಣ್ಣೆಮ್ಮ ಆಮೇಲೆ ಎಲ್ಲರಿಗಿಂತ ದೊಡ್ಡ ಅಭಿಮಾನಿಯಾದಳು. ಒಂದು ಕಂತಿನಲ್ಲಿ ಹರಿಗೋಲಿನ ಹಿಟ್ಟಿನ ಡಬ್ಬಿ ಬರಿದಾಗಿ ನೌಕೆಯವರೆಲ್ಲ ಉಪವಾಸ ಮಲಗಿದರು. ಆವತ್ತು ಅವಳೂ ಉಣ್ಣದೆ ಮಲಗಿದಳು. ಮುಂದಿನ ಭಾನುವಾರ ಪಂಕ್ತಿಯ ಕೊನೆಗೆ ಒಂದು ತಟ್ಟೆ ಹೆಚ್ಚಿಗೆ ಇಟ್ಟು, ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ ಬಡಿಸಿದಳು. ಗಂಡ ಪಂಚಾಕ್ಷರಪ್ಪ ತರಕಾರಿ ಚೀಲ ಇಳಿಸುತ್ತಾ ಕೇಳಿದ, "ಯಾರಿಗೇ ಇದು?"

"ಹರಿಗೋಲಿನೋರಿಗೆ."

"ಎಡೆ ಇಡಾದು ಸತ್ತೋರಿಗೆ ಕಣೇ!"

"ಹಸ್ದೋರಿಗೂ ಇಡಬೌದು. ನೀವು ಸುಮ್ನಿರ್ರಿ."

ಪಂಕ್ತಿಯಲ್ಲಿದ್ದ ಹಾಸ್ಟೆಲ್ ಹುಡುಗರು ಬಿದ್ದು ಬಿದ್ದು ನಕ್ಕರು. ಆದರೆ ಮುಂದಿನ ವಾರ ಎಡೆ ಇಡುವುದನ್ನು ಅವಳು ಮರೆತಾಗ ನೆನಪಿಸಿದವರೂ ಅವರೇ. ಅಂದಿನಿಂದ ಆ ತಟ್ಟೆ ತಪ್ಪಿಲ್ಲ. ಅದರ ಮುಂದೆ ಯಾರೂ ಕೂರುವುದಿಲ್ಲ. ಊಟವೆಲ್ಲ ಮುಗಿದ ಮೇಲೆ ಹಸಿದು ಬಾಗಿಲಿಗೆ ಬಂದ ಮೊದಲಿಗರಿಗೆ ಅದು ಸಲ್ಲುತ್ತದೆ.

ಹೀಗಿರುವಾಗ ಸಿಡಿಲು ಬಡಿಯಿತು. ಮುಂಬೈಯ ದೊಡ್ಡ ಸಿನಿಮಾ ಸ್ಟುಡಿಯೋ ಒಂದು ಹರಿಗೋಲನ್ನು ಹೆಸರು, ಕಥೆ, ಪಾತ್ರ ಸಮೇತ ಕೊಂಡುಕೊಂಡಿತು. ತಿಮ್ಮೇಶ್ ಸಹಿ ಹಾಕಿದ. ಬೆನ್ನಿಗೇ ಸ್ಟುಡಿಯೋದವರು ಒಂದು ಪುಟ್ಟ ಟ್ರೇಲರ್ ಬಿಟ್ಟರು. ಅದರಲ್ಲಿ ಹರಿಗೋಲು ಥಳಥಳ ಹೊಳೆಯುತ್ತಿತ್ತು, ಒಪ್ಪೋಣ. ಆದರೆ ನೌಕೆಯವರು ತಮ್ಮ ತಮ್ಮ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಊಟದ ಬದಲು ಗುಳಿಗೆ ನುಂಗುತ್ತಿದ್ದರು. ಗುಳಿಗೆ! ಪಂಕ್ತಿಯ ಸುಳಿವೇ ಇಲ್ಲ.

ಮುಂದಿನ ಭಾನುವಾರ ಖಾನಾವಳಿಯಲ್ಲಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಸರಸ್ವತಿ ನಗರದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಮಹಾಂತೇಶ್ ತನ್ನ ಅಂಗಡಿ ಶಟರಿನ ಮೇಲೇ ಹರಿಗೋಲು ಬರೆಸಿಕೊಂಡವನು. ಅವನ ಕಣ್ಣು ಕೆಂಪಾಗಿತ್ತು. "ಒಬ್ರೂ ನೋಡಬಾರ್ದು. ಬಹಿಷ್ಕಾರ ಹಾಕಾನ. ನಮ್ಮನ್ನ ಒಂದ್ಮಾತು ಕೇಳಿದ್ರಾ ಅವ್ರು?"

ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ನಯನಾ ನಕ್ಕಳು. "ಕೋಳಿ ಕೇಳಿ ಮಸಾಲೆ ಅರೀತಾರೇನಣ್ಣ? ದೊಡ್ಡ ಪರದೆ ಮೇಲೆ ಬರ್ಲಿ ಬಿಡು. ನಮ್ ಚೌಡವ್ವನ್ನ ಜಗತ್ತೆಲ್ಲಾ ನೋಡ್ತೈತೆ."

"ಚೌಡವ್ವ ಗುಳಿಗೆ ನುಂಗಾದನ್ನ ನೋಡ್ತೈತಾ? ಎಲ್ಲಾ ಆ ತಿಮ್ಮೇಶಣ್ಣಂದು. ಉಂಡ ಮನೆಗೆ ಎರಡು ಬಗೆದ. ಅವ್ನು ಇಲ್ಲಿಗೆ ಬಂದ್ರೆ ನಾನು ಎದ್ದು ಹೋಗೋನೇ." ಅರ್ಧ ಪಂಕ್ತಿ ತಲೆಯಾಡಿಸಿತು.

ಬಸವಣ್ಣೆಮ್ಮ ಇದನ್ನೆಲ್ಲ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಸಿಟ್ಟು ಅವಳಿಗೂ ಇತ್ತು. ಗುಳಿಗೆ ನೋಡಿದ ರಾತ್ರಿ ಗಂಡನ ಮೇಲೆ ಸುಮ್ಮನೆ ಹರಿಹಾಯ್ದಿದ್ದಳು. ಆದರೆ ಸಹಿ ಹಾಕಿದ ಮೇಲೆ ತಿಮ್ಮೇಶ್ ಈ ಕಡೆ ತಲೆ ಹಾಕಿರಲಿಲ್ಲ. ಅವನು ಬಾರದೇ ಹೋದರೆ ತನ್ನ ಪಂಕ್ತಿಯಿಂದ ಒಬ್ಬನನ್ನು ಶಾಶ್ವತವಾಗಿ ಎಬ್ಬಿಸಿ ಕಳಿಸಿದ ಹಾಗೆ. ಬಂದರೆ ಪಂಕ್ತಿಯೇ ಎದ್ದು ಹೋಗುತ್ತದೆ. ಕಾಳವ್ವ ಕೈಗಿತ್ತು ಹೋದದ್ದು ಒಲೆಯಲ್ಲ, ಈ ಪಂಕ್ತಿ. ಅದು ತನ್ನ ಕಾಲದಲ್ಲಿ ಮುರಿಯಬೇಕೇ? ಮರುದಿನ ಅವಳೇ ಫೋನು ಮಾಡಿದಳು.

"ಬ್ಯಾಡ ಅಮ್ಮಾರೆ. ನನ್ ಮುಖ ಕಂಡ್ರೆ ಎದ್ದು ಹೋಗ್ತಾರೆ," ಎಂದ ತಿಮ್ಮೇಶ್.

"ನನ್ ಪಂಕ್ತಿಯಿಂದ ಯಾವನು ಏಳ್ತಾನೆ ನೋಡೇಬಿಡಾನ. ಬಾ ನೀನು."

ಬಾಯಿಮಾತಿಗೇನೋ ಹಾಗೆಂದಳು. ಏನು ಮಾಡುವುದೆಂದು ಅವಳಿಗೂ ಗೊತ್ತಿರಲಿಲ್ಲ.

ಭಾನುವಾರ ಜಮಖಾನ ತುಂಬಿತ್ತು. ರೊಟ್ಟಿ ಬಡಿಸಿಯಾಗಿತ್ತು, ಮೊದಲ ತುತ್ತು ಬಾಯಿಗೆ ಹೋಗಿತ್ತು. ಆಗ ತಿಮ್ಮೇಶ್ ಬಾಗಿಲಲ್ಲಿ ಕಾಣಿಸಿಕೊಂಡ. ಗಡ್ಡ ಬೆಳೆದಿತ್ತು, ಮುಖ ಬಾಡಿತ್ತು. ಒಬ್ಬರೂ ಪಕ್ಕಕ್ಕೆ ಸರಿಯಲಿಲ್ಲ. ಖಾಲಿ ಇದ್ದದ್ದು ಕೊನೆಯ ತಟ್ಟೆಯ ಮುಂದಿನ ಜಾಗ ಒಂದೇ.

"ಅಲ್ಲಿ ಕೂಡು," ಎಂದಳು ಬಸವಣ್ಣೆಮ್ಮ.

"ಅದು ಹರಿಗೋಲಿನೋರ ಎಡೆ ಅಲ್ಲೇನ್ರಿ?"

"ಹ್ಞೂಂ. ಹರಿಗೋಲು ಕಟ್ಟಿದೋನು ನೀನಲ್ದೆ ಮತ್ಯಾರು? ಕೂಡು."

ಅವನು ಕೂತದ್ದೇ ತಡ, ಮಹಾಂತೇಶ್ ಮೊಣಕಾಲಿನ ಮೇಲೆ ಕೈ ಊರಿ ಎದ್ದ. ಅವನ ಹಿಂದೆಯೇ ಇನ್ನಿಬ್ಬರು ಹೊರಟರು. ಬಸವಣ್ಣೆಮ್ಮ ಬೈಯಲಿಲ್ಲ, ಬಾಗಿಲಿಗೆ ಅಡ್ಡ ನಿಲ್ಲಲೂ ಇಲ್ಲ. ಬಡಿಸಲು ನೆರವಾಗುತ್ತಿದ್ದ ನಯನಾಳ ಕೈಗೆ ಸೌಟು ಕೊಟ್ಟು, ತಾನೇ ಒಂದು ತಟ್ಟೆ ತಂದುಕೊಂಡು ತಿಮ್ಮೇಶನ ಪಕ್ಕ ನೆಲಕ್ಕೆ ಕೂತುಬಿಟ್ಟಳು. ಇಷ್ಟು ವರ್ಷಗಳಲ್ಲಿ ಅವಳು ಪಂಕ್ತಿಯಲ್ಲಿ ಕೂತದ್ದನ್ನು ಕಂಡವರಿಲ್ಲ. ಎಲ್ಲರೂ ಹೋದ ಮೇಲೆ ಒಲೆ ಮುಂದೆ ಒಬ್ಬಳೇ ಉಣ್ಣುವವಳು ಅವಳು.

ರೊಟ್ಟಿಯ ಒಂದು ಚೂರು ಮುರಿದು, ಚಟ್ನಿಗೆ ಒತ್ತಿ, ತಲೆ ಎತ್ತದೆ ಹೇಳಿದಳು: "ಮಾಂತೇಶ, ಟ್ರೇಲರ್‌ನಾಗೆ ಪಂಕ್ತಿ ಇಲ್ಲ ಅಂತ ಊರೆಲ್ಲಾ ಕೂಗ್ಯಾಡಿದಿ. ಇಲ್ಲಿ ಐತಲ್ಲಪ್ಪಾ. ಇದನ್ನ ನೀನೇ ಮುರೀತೀಯೇನು?"

ಬಾಗಿಲ ಕಡೆ ಹೊರಟಿದ್ದ ಮಹಾಂತೇಶ್ ನಡುದಾರಿಯಲ್ಲೇ ನಿಂತ. ಮುಂದೆ ಹೋದರೆ ಚೌಡವ್ವನ ಕಾನೂನು ಮುರಿದಂತೆ, ಕೂತರೆ ತನ್ನ ಮಾತು ಮುರಿದಂತೆ. ಪಾಪ, ಅವನ ಮುಖ ನೋಡುವ ಹಾಗಿರಲಿಲ್ಲ. ಕೊನೆಗೆ ಕೂತ. ಉಳಿದಿಬ್ಬರೂ ಕೂತರು.

ಬಸವಣ್ಣೆಮ್ಮ ಉಣ್ಣತೊಡಗಿದಳು. ಅಬ್ಬಾ, ಅದೇನು ಉಣ್ಣುವುದು! ಕಾಳವ್ವನಿಗಾದರೂ ಹಲ್ಲಿರಲಿಲ್ಲ, ಇವಳಿಗೆ ಹಲ್ಲೆಲ್ಲ ಗಟ್ಟಿಯಾಗಿದ್ದವು. ಆದರೂ ಒಂದು ತುತ್ತು ನುಂಗಿ ಮುಗಿಸುವ ಹೊತ್ತಿಗೆ ಬೇರೆಯವರ ಒಂದು ರೊಟ್ಟಿ ಮುಗಿಯುತ್ತಿತ್ತು. ತಟ್ಟೆಗಳು ಖಾಲಿಯಾದವು. ಯಾರೂ ಏಳುವಂತಿಲ್ಲ. ಸುಮ್ಮನೆ ಎಷ್ಟು ಹೊತ್ತು ಕೂರುವುದು? ಮಹಾಂತೇಶನೇ ಬಾಯಿ ಬಿಟ್ಟ.

"ಯಾಕ ಮಾರಿದಿ ತಿಮ್ಮೇಶಣ್ಣ? ಆಗಲ್ಲ ಅನ್ನಿಸಿದ್ರೆ ಕಥೆ ನಿಲ್ಲಿಸಬೇಕಿತ್ತು."

ತಿಮ್ಮೇಶ್ ತಟ್ಟೆಯನ್ನೇ ನೋಡುತ್ತ ಹೇಳಿದ. "ನನ್ನತ್ರ ಕಥೆ ಖಾಲಿ ಆತು ಮಾಂತೇಶ. ಮೈಕ್ ಮುಂದೆ ಕೂತ್ರೆ ಚೌಡವ್ವ ಮಾತೇ ಆಡ್ತಿರ್ಲಿಲ್ಲ. ನಿಲ್ಲಿಸಿದ್ರೆ ಆಕಿನ್ನ ನಾನೇ ಮುಳುಗಿಸಿದಂಗೆ ಅನ್ನಿಸ್ತು. ಯಾರಾದ್ರೂ ಹುಟ್ಟು ಹಾಕ್ಲಿ ಅಂತ ಕೊಟ್ಟೆ."

"ಮತ್ತೆ ಪಂಕ್ತಿ? ಅದನ್ನ ತೆಗೀಬ್ಯಾಡ್ರಿ ಅಂತ ಒಂದ್ ಷರತ್ತು ಹಾಕಾಕೆ ಏನಾಗಿತ್ತು ನಿಂಗೆ?"

ತಿಮ್ಮೇಶನ ಕಣ್ಣು ತುಂಬಿತು. "ಹೊಳೀಲೇ ಇಲ್ಲ ಕಣೋ. ಹರಿಗೋಲು ದುಂಡಗೇ ಇರ್ಬೇಕು ಅಂತ ಬರೆಸಿದೆ. ಚೌಡವ್ವ ಮುದುಕೀನೇ ಆಗಿರ್ಬೇಕು ಅಂತ ಬರೆಸಿದೆ. ಊಟಕ್ಕೆ ಕೂತೋರು ಎಲ್ರೂ ಮುಗಿಸಾ ತನಕ ಏಳಲ್ಲ ಅನ್ನಾದನ್ನ ಯಾರಾದ್ರೂ ಕಾಗದದಾಗೆ ಬರೀತಾರಾ? ಜನ ಉಣ್ಣಾದೇ ಹಂಗೆ ಅನ್ಕಂಡಿದ್ದೆ ನಾನು."

ಮಹಾಂತೇಶ್ ತನ್ನ ಬರಿ ತಟ್ಟೆಯನ್ನು ಬೆರಳಿನಿಂದ ಗೀಚಿದ. ಆಮೇಲೆ ಹೇಳಿದ, "ನಂಗೂ ಹೊಳೀತಿರ್ಲಿಲ್ಲ ಬಿಡಣ್ಣ." ಚಟ್ನಿಪುಡಿಯ ಬಟ್ಟಲನ್ನು ತಿಮ್ಮೇಶನ ಕಡೆ ತಳ್ಳಿದ.

"ಸಿನಿಮಾ ಕಥೆ ಇನ್ನೂ ಪೂರ್ತಿ ಬರ್ದಿಲ್ವಂತೆ," ಎಂದ ತಿಮ್ಮೇಶ್ ಮೂಗೊರೆಸಿಕೊಂಡು. "ಬರೆಯೋರು ಹೊಳೆ ನೋಡಾಕೆ ಹರಿಹರಕ್ಕೆ ಬರ್ತಾರೆ ಮುಂದಿನ್ವಾರ."

ಬಸವಣ್ಣೆಮ್ಮ ಕೊನೆಯ ತುತ್ತು ನುಂಗಿದಳು. "ಹೊಳೆ ತೋರ್ಸಿ ಇಲ್ಲಿಗೆ ಕರ್ಕಂಡು ಬಾ. ಏನೂ ಹೇಳಬ್ಯಾಡ ಅವ್ರಿಗೆ. ಕೂಡ್ಸಿ ಉಣ್ಣಿಸಾನ. ಹ್ಞೂಂ, ನಂದಾತು. ಏಳ್ರಿ ಇನ್ನ."

ಯಾರೂ ಏಳಲಿಲ್ಲ. ನಯನಾ ಇನ್ನೊಂದು ಸುತ್ತು ಮಜ್ಜಿಗೆ ತಂದಳು.

ಮುಂದಿನ ಭಾನುವಾರ ಅವರು ಬಂದರು. ಬಂದವರಲ್ಲಿ ಮುಖ್ಯನಾದವನು ಸಾರಿಗೆ ಬೆರಗಾಗಿ, ಎರಡು ಸಲ ಹಾಕಿಸಿಕೊಂಡು ಉಂಡ. ಉಂಡದ್ದೇ ಮೊಬೈಲು ರಿಂಗಾಯಿತು, ಅವನು ಮೇಲೇಳತೊಡಗಿದ. ಪಕ್ಕದಲ್ಲಿದ್ದ ಮಹಾಂತೇಶ್ ಅಂಗಿಯ ಚುಂಗು ಹಿಡಿದು ಮೆಲ್ಲಗೆ ಜಗ್ಗಿದ. ಬಂದವನಿಗೆ ಕನ್ನಡ ಬಾರದು, ಇವನ ಹಿಂದಿ ದೇವರಿಗೇ ಪ್ರೀತಿ. ಸುಮ್ಮನೆ ಪಂಕ್ತಿಯ ಆ ಕೊನೆಗೆ ಕೈ ತೋರಿಸಿದ. ಅಲ್ಲಿ ಹುಲಿಯಪ್ಪಜ್ಜ ಎಂಬ ಮುದುಕ ಇನ್ನೂ ಅನ್ನ ಕಲಸುತ್ತಿದ್ದ. ಅವನಾಚೆ, ಯಾರೂ ಕೂತಿರದ ಒಂದು ತಟ್ಟೆ, ತುಂಬಾ ಬಡಿಸಿಟ್ಟಿದ್ದು. ಆ ಬರಹಗಾರ ಮುದುಕನನ್ನು ನೋಡಿದ, ಆ ತಟ್ಟೆಯನ್ನು ನೋಡಿದ, ಕೈ ಒಣಗಿಸಿಕೊಂಡು ಕೂತ ಅಷ್ಟೂ ಜನರನ್ನು ನೋಡಿದ. ಮೊಬೈಲಿನ ಸದ್ದು ಅಡಗಿಸಿ ಮತ್ತೆ ಚಕ್ಕಳಮಕ್ಕಳ ಹಾಕಿದ.

ಬಸವಣ್ಣೆಮ್ಮ ಇದನ್ನೆಲ್ಲ ಅಡುಗೆಮನೆ ಬಾಗಿಲಿಂದ ಕಂಡಳು. ಸಿನಿಮಾದಲ್ಲಿ ಪಂಕ್ತಿ ಬರುತ್ತದೋ ಇಲ್ಲವೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಅಂದು ಎಲ್ಲರೂ ಹೋದ ಮೇಲೆ ಮಹಾಂತೇಶ್ ಜಮಖಾನ ಮಡಚುತ್ತಾ ಕೇಳಿದ, "ಹೊಸ ಹರಿಗೋಲು ಹೆಂಗಿರುತ್ತೆ ಅಂತೀರಿ ಅಮ್ಮಾರೆ?"

"ನಮ್ದಾಗಿರಲ್ಲಪ್ಪಾ," ಎಂದಳು ಅವಳು. "ಹರಿಗೋಲಾಗಿದ್ರೆ ಸಾಕು."

ಆಮೇಲೆ ಕೊನೆಯ ತಟ್ಟೆ ಎತ್ತಿಕೊಂಡು, ಯಾರಾದರೂ ಹಸಿದವರು ಬಂದಿದ್ದಾರೋ ನೋಡಲು ಬಾಗಿಲಿಗೆ ಹೋದಳು.