ಸಹಿ ಹಾಕದ ಜ್ಯೋತಿಲಕ್ಷ್ಮಿ

ಕುರೆಕುಪ್ಪದ ಕಡೆ ಈಗಷ್ಟೇ ಬೆಳಕು ಹರಿಯುತ್ತಿದೆ. ಕಾರ್ಖಾನೆಯ ಬಸ್ಸಿಳಿದವರೆಲ್ಲ ಚಹಾದಂಗಡಿಗೆ ತಿರುಗಿದರೆ, ಜ್ಯೋತಿಲಕ್ಷ್ಮಿ ಮಾತ್ರ ಗೇಟಿನ ಪಕ್ಕದ ಸಣ್ಣ ಕೋಣೆ ಸೇರುತ್ತಾರೆ. ಎದುರಿಗೆ ಎರಡು ಕಂಪ್ಯೂಟರ್ ಪರದೆ. ಒಂದರಲ್ಲಿ ಕೆಲಸದ ರೀತಿ, ಎಚ್ಚರಿಕೆಗಳನ್ನು ಕಾರ್ಮಿಕರೇ ಬರೆದು, ಕಾರ್ಮಿಕರೇ ತಿದ್ದುವ ವಿಕಿ. ಇನ್ನೊಂದರಲ್ಲಿ ಕಂಪನಿಯ ಒಳಜಾಲ, ಇಂಟ್ರಾನೆಟ್. ಮೊದಲ ಪಾಳಿಯವರು ಒಳಗೆ ಕಾಲಿಡುವ ಮುನ್ನ ಎರಡರಲ್ಲೂ ಒಂದೇ ಮಾತಿದೆಯೇ ಎಂದು ಸಾಲು ಸಾಲಾಗಿ ನೋಡುತ್ತಾರೆ.

"ಮಷೀನ್ ನಂಬಂಗಿಲ್ಲ, ಮಂದೀನೂ ನಂಬಂಗಿಲ್ರಿ," ಎನ್ನುತ್ತಾರೆ, ಕಣ್ಣು ಕೀಳದೆ. ಕಾರ್ಖಾನೆಯ ಹೆಸರು ಬರೆಯಬೇಡಿ ಎಂದು ಮೊದಲೇ ತಾಕೀತು ಮಾಡಿದ್ದಾರೆ.

ಊರು ಕಮಲಾಪುರ. ಮನೆಯವರದು ಬಾಳೆ ತೋಟದ ದುಡಿಮೆ. ಹೊಸಪೇಟೆಯಲ್ಲಿ ಬಿಸಿಎ ಮುಗಿಸಿ ಗುತ್ತಿಗೆ ಮೇಲೆ ಇಲ್ಲಿಗೆ ಬಂದರು. ವಿಕಿಯ ಪುಟಗಳನ್ನು ಇಂಟ್ರಾನೆಟ್‌ನಲ್ಲಿ ಕೂರಿಸುವುದು ಅವರ ಕೆಲಸ. ಅಲ್ಲಿ ಒಂದು ಪದ ತಿದ್ದಿದರೆ ಇಲ್ಲಿಯೂ ತಾನಾಗಿ ಬದಲಾಗಬೇಕು, ಹಾಗೆ ಕೊಂಡಿ ಹಾಕಬೇಕು. ಪ್ರತಿ ವಿಭಾಗದ ಬಾಗಿಲಲ್ಲೂ ಇಂಟ್ರಾನೆಟ್ ತೋರಿಸುವ ಒಂದು ಪರದೆ ಇದೆ. ಕೆಲಸಕ್ಕೆ ಇಳಿಯುವವರು ಓದುವುದು ಅದನ್ನೇ.

ಮೊದಮೊದಲು ಕಾರ್ಮಿಕರು ಅವರನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ತಾವು ಬರೆದದ್ದನ್ನು ಸಾಹೇಬರಿಗೆ ಮುಟ್ಟಿಸುವವಳು ಎಂಬ ಗುಮಾನಿ. ಕಳೆದ ದಸರಾ ಆದ ಮೇಲೆ ಆ ಗುಮಾನಿಗೆ ರೆಕ್ಕೆಯೇ ಬಂತು.

ಗ್ಯಾಸ್ ಪೈಪಿನ ಫಿಟರ್ ಹುಲಿಗೇಶ್ ವಿಕಿಯಲ್ಲಿ ಒಂದು ಸಾಲು ಸೇರಿಸಿದ್ದರು: ಗ್ಯಾಸ್ ಅಳೆಯುವ ಮೀಟರ್ ಹಸಿರು ತೋರಿಸಿದರೂ ಹಳೇ ಗುಂಡಿಗೆ ಒಬ್ಬರೇ ಇಳಿಯಬೇಡಿ, ಮೂಲೆಯಲ್ಲಿ ಗ್ಯಾಸ್ ನಿಂತಿರುತ್ತದೆ. ಹಬ್ಬದ ಮರುವಾರ ಹೊಸದಾಗಿ ಸೇರಿದ ಯಲ್ಲೇಶ್ ಬಾಗಿಲ ಪರದೆ ಓದಿಕೊಂಡೇ ಒಬ್ಬನೇ ಇಳಿದ. ಹುಲಿಗೇಶ್ ಆ ದಾರಿಯಲ್ಲಿ ಬಂದು ಗುಂಡಿಗೆ ಇಣುಕದಿದ್ದರೆ ಅವನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಮೇಲೆತ್ತಿದಾಗ ಅವನಿಗೆ ಪ್ರಜ್ಞೆ ಇರಲಿಲ್ಲ.

ಪರದೆಯಲ್ಲಿ ಆ ಸಾಲೇ ಇರಲಿಲ್ಲ. ಪುಟದ ಕೆಳಗೆ ಹೀಗಿತ್ತು: ಬದಲಾಯಿಸಿದವರು, ಜ್ಯೋತಿಲಕ್ಷ್ಮಿ.

ಹುಲಿಗೇಶ್ ಕೋಣೆಗೆ ನುಗ್ಗಿದರು. "ಏನವ್ವಾ, ನಾ ಬರದ ಮಾತು ಅಳಸಂತ ನಿನಗ ಯಾರು ಹೇಳಿದ್ರು?"

"ನಾ ಮುಟ್ಟೇ ಇಲ್ಲಣ್ಣ. ಕುಂದ್ರಿ, ನೀವಾ ನೋಡ್ರಿ."

ವಿಕಿ ತೆರೆದರೆ ಸಾಲು ಹಾಗೇ ಇತ್ತು. ಹಾಗಾದರೆ ಕೆಟ್ಟಿದ್ದು ಇಂಟ್ರಾನೆಟ್‌ನಲ್ಲಿ. ಜ್ಯೋತಿಲಕ್ಷ್ಮಿ ಅದರ ದಾಖಲೆ ತೆರೆದು ಹುಡುಕಿದರು. ಯಾರೋ ಕೊಂಡಿ ಕಿತ್ತು, ಪುಟದ ನಕಲೊಂದನ್ನು ಅಂಟಿಸಿದ್ದರು. ನಕಲಿನಲ್ಲಿ ಅದೊಂದೇ ಸಾಲು ಮಾಯ. ಅದು ನಡೆದದ್ದು ಅವರು ಹಬ್ಬಕ್ಕೆ ಊರಲ್ಲಿದ್ದ ದಿನ. ಖಾತೆ ಇದ್ದದ್ದು ಅವರ ಹೆಸರಿನಲ್ಲಿ, ಪಾಸ್‌ವರ್ಡ್ ಮಾತ್ರ ಇಡೀ ಆಫೀಸಿಗೆ ಗೊತ್ತಿತ್ತು.

ಆ ಸಾಲಿನಿಂದಾಗಿ, ಜೊತೆಗೊಬ್ಬ ಬರುವವರೆಗೆ ಕಾಯುತ್ತ ಕೆಲಸ ನಿಲ್ಲುತ್ತದೆಂದು ವಿಭಾಗದ ಮುಖ್ಯಸ್ಥ ವೆಂಕಟೇಶ್ ಹಿಂದೆ ಗೊಣಗಿದ್ದರು. ಸಾಲು ಹೋದದ್ದು ಹೇಗೆಂದು ಜ್ಯೋತಿಲಕ್ಷ್ಮಿ ಕೇಳಿದರೆ, "ಕಂಪ್ಯೂಟರ್ ಅಂದಮ್ಯಾಲೆ ಹಿಂಗ ಆಗ್ತಾವಮ್ಮ," ಎಂದು ನಕ್ಕರು. ಆ ನಗು ಅವರಿಗೆ ಇಂದಿಗೂ ಅರಗಿಲ್ಲ. ವೆಂಕಟೇಶ್ ಅವರೇ ಕೊಂಡಿ ಕಿತ್ತರೇ? "ಗೊತ್ತೈತಿ ಅಂತ ಹೇಳಂಗಿಲ್ಲ, ಸಾಕ್ಷಿ ಇಲ್ಲ. ಗೊತ್ತಿಲ್ಲ ಅಂತಾನೂ ಹೇಳಂಗಿಲ್ರಿ."

ವಿಚಾರಣೆಯ ದಿನ ಮ್ಯಾನೇಜರ್ ಮಹಾಂತೇಶ ವರದಿಯನ್ನು ಮುಂದೆ ತಳ್ಳಿದರು. ಅದರಲ್ಲಿ ತಾಂತ್ರಿಕ ದೋಷ ಎಂದಿತ್ತು. "ಸಹಿ ಹಾಕಮ್ಮ. ನಿನ್ನ ಗುತ್ತಿಗಿ ಮುಗಿಯಾಕ ಬಂದೈತಿ, ಸುಮ್ನ ಯಾಕ ಮೈಮ್ಯಾಲೆ ಹಾಕ್ಕೋತಿ?"

"ದೋಷ ತಾನಾ ಹುಡುಕಿ ಒಂದಾ ಸಾಲು ಅಳಸಂಗಿಲ್ಲ ಸರ್. ಯಾರೋ ಕಿತ್ತಾರ ಅಂತ ಬರೀರಿ, ಹಾಕ್ತೀನಿ."

ಮ್ಯಾನೇಜರ್ ಆಡಿದ ಗುತ್ತಿಗೆಯ ಮಾತು ಬೆದರಿಕೆಯೋ ಕಾಳಜಿಯೋ ಜ್ಯೋತಿಲಕ್ಷ್ಮಿಯವರಿಗೆ ತಿಳಿಯಲಿಲ್ಲ. ಮನೆಯಲ್ಲಿ ತಾಯಿ ಹೊಳೆಮ್ಮ ಮಾತ್ರ, "ಆ ಹುಡುಗಗೂ ಅವ್ವ ಅದಾಳಲ್ಲ, ಸಹಿ ಹಾಕಬ್ಯಾಡ," ಎಂದರಂತೆ. ಮರುದಿನ ಹುಲಿಗೇಶ್ ತಮ್ಮ ಪಾಳಿಯವರನ್ನು ಕಟ್ಟಿಕೊಂಡು ಮ್ಯಾನೇಜರ್ ಬಾಗಿಲಲ್ಲಿ ನಿಂತರು. ವರದಿಯ ಮಾತು ಯಾರೋ ಕೊಂಡಿ ಕಿತ್ತಿದ್ದಾರೆ ಎಂದು ಬದಲಾಯಿತು. ಕಿತ್ತವರು ಯಾರೆಂಬುದು ಮಾತ್ರ ಹೊರಬೀಳಲಿಲ್ಲ. ಈಗ ಪಾಸ್‌ವರ್ಡ್ ಒಬ್ಬೊಬ್ಬರಿಗೆ ಒಂದೊಂದು. ಪ್ರತಿ ಸಾಲಿನ ಪಕ್ಕ ಬರೆದವರ ಹೆಸರೂ ಕಾಣುತ್ತದೆ. ಯಲ್ಲೇಶ್ ಚೇತರಿಸಿಕೊಂಡು ಸ್ಟೋರ್ಸ್ ವಿಭಾಗದಲ್ಲಿ ಕೆಲಸಕ್ಕಿದ್ದಾನೆ. ಜ್ಯೋತಿಲಕ್ಷ್ಮಿಯವರ ಗುತ್ತಿಗೆ ಮುಂದುವರಿದಿದೆ, ಆದರೆ ಮೊದಲಿನಂತೆ ವರ್ಷಕ್ಕಲ್ಲ, ಬರೀ ಮೂರು ತಿಂಗಳಿಗೆ. ಕಾರಣ ಯಾರೂ ಹೇಳಿಲ್ಲ. ಅವರೂ ಕೇಳಿಲ್ಲ.

ಕಾರ್ಮಿಕರಿಗೆ ಈಗಲಾದರೂ ಅವರ ಮೇಲೆ ನಂಬಿಕೆ ಬಂದಿದೆಯೇ? ಬಾಗಿಲಲ್ಲಿ ನಿಂತಿದ್ದ ಹುಲಿಗೇಶ್ ತಲೆಯಾಡಿಸುತ್ತಾರೆ. "ಹುಡುಗಿ ಚಲೋ ಅದಾಳ. ಆದ್ರ ನಾ ದಿನಾ ಹೋಗಿ ನನ್ನ ಸಾಲು ಐತೋ ಇಲ್ಲೋ ನೋಡ್ತೀನ್ರಿ."

ಜ್ಯೋತಿಲಕ್ಷ್ಮಿಗೆ ಬೇಸರವಿಲ್ಲ. "ಅನುಮಾನ ಪಡ್ಲಿ ಬಿಡ್ರಿ," ಎನ್ನುತ್ತಾರೆ. "ಅನುಮಾನ ಇದ್ದಾವ ಓದ್ತಾನ. ಓದಿದಾವ ಸಂಜಿಗೆ ಮನಿ ಮುಟ್ತಾನ."