ಕೇಳೋದಕ್ಕೆ ಬೇರೆ ಬ್ಯಾಟರಿ

ಬೈಲಹೊಂಗಲದಲ್ಲಿ ನಮ್ಮ ಪಕ್ಕದ ಮನೆಯ ಹತ್ತಿ ವ್ಯಾಪಾರಿಗೆ ರಿಮೋಟ್ ಕಾರಿನ ಹುಚ್ಚು. ಪುಣೆಯಿಂದ ಅಳಿಯ ತಂದುಕೊಟ್ಟ ಕಾರಿನ ವೇಗ ಸಾಲದೆಂದು, ಅದಕ್ಕೆ ಹೆಚ್ಚು ವೋಲ್ಟೇಜಿನ ದೊಡ್ಡ ಬ್ಯಾಟರಿ ಕೂಡಿಸಿದ್ದರು. ಅದೇ ಕರೆಂಟು ರಿಮೋಟಿನ ಮಾತು ಕೇಳುವ ರಿಸೀವರಿಗೆ ಹರಿದರೆ ಅದು ಸುಟ್ಟೇ ಹೋಗುತ್ತದೆ. ಹಾಗಾಗಿ ನಡುವಿನ ಕೆಂಪು ವಾಯರು ಕತ್ತರಿಸಿ, ರಿಸೀವರಿಗೂ ಮುಂದಿನ ಗಾಲಿಗಳನ್ನು ಎಡಬಲಕ್ಕೆ ಹೊರಳಿಸುವ ಪುಟ್ಟ ಮೋಟರಿಗೂ ನಾಲ್ಕು ಪೆನ್ಸಿಲ್ ಸೆಲ್ಲು ಬೇರೆಯಾಗಿ ಕಟ್ಟಿದ್ದರು. ಯಾರು ಕೇಳಿದರೂ ಧೋತರದ ಚುಂಗಿನಿಂದ ಆ ಸೆಲ್ಲುಗಳನ್ನು ಒರೆಸುತ್ತ, "ಓಡೂದಕ್ಕ ಬ್ಯಾರೆ, ಕೇಳೂದಕ್ಕ ಬ್ಯಾರೆ" ಎನ್ನುತ್ತಿದ್ದರು.

ಒಂದು ಭಾನುವಾರ ಮಾರ್ಕೆಟ್ ಯಾರ್ಡಿನ ಇಳಿಜಾರಿನಲ್ಲಿ ಕಾರು ಧಡಧಡ ಇಳಿಯುತ್ತಿದ್ದಾಗ ದೊಡ್ಡ ಬ್ಯಾಟರಿ ಖಾಲಿಯಾಯಿತು. ಓಡಿಸುವ ಮೋಟರು ಸುಮ್ಮನಾಯಿತು, ಕಾರು ಮಾತ್ರ ನಿಲ್ಲಲಿಲ್ಲ. ಕೆಳಗೆ ಚಹಾ ಮಾರುವ ಅವ್ವ ಸ್ಟವ್ ಮೇಲೆ ಹಾಲು ಕಾಯಿಸುತ್ತಿದ್ದಳು.

"ಕಾಕಾರ, ಬ್ರೇಕ್ ಹಾಕ್ರಿ" ಎಂದೆ.

"ದೊಡ್ಡ ಬ್ಯಾಟರಿ ಕೂಡ ಬ್ರೇಕೂ ಹೋತ್ರಿ ಮಾಸ್ತರ. ಆದರ ಅದು ಇನ್ನೂ ಕೇಳಾಕತ್ತೈತಿ."

ಹೆಬ್ಬೆರಳನ್ನು ತುಸುವೇ ಸರಿಸಿದರು. ಕಾರು ಸ್ಟವ್ ತಪ್ಪಿಸಿ ಹೊರಳಿ, ಹತ್ತಿಯ ಅಂಡಿಗೆಗೆ ಮೂತಿಯಿಟ್ಟು ನಿಂತಿತು. ಅವ್ವ ಹಾಲು ಉಕ್ಕದಂತೆ ಊದುತ್ತಲೇ ಇದ್ದಳು.

ಕೆಲವು ವರ್ಷಗಳ ಮೇಲೆ ಅವರಿಗೆ ಲಕ್ವ ಹೊಡೆಯಿತು. ನೋಡಲು ಹೋದ ನಾನು ಬಾಗಿಲಲ್ಲೇ ನಿಂತೆ. ಮಲಗಿದಲ್ಲಿಂದಲೇ ಅವರು ಎಡಗೈ ಹೆಬ್ಬೆರಳಿನಿಂದ ತಮ್ಮ ಕಿವಿ ತೋರಿಸಿದರು.

"ಬರ್ರಿ ಮಾಸ್ತರ, ಕುಂದರ್ರಿ. ದೊಡ್ಡ ಬ್ಯಾಟರಿ ಅಷ್ಟ ಹೋಗೇತಿ. ಊರ ಸುದ್ದಿ ಹೇಳ್ರಿ."