ಮೂರು ಸೀಟಿನ ಸಾಮ್ರಾಜ್ಯ

ಚಿಂತಾಮಣಿ ನಿಲ್ದಾಣದಿಂದ ಮುರುಗಮಲ್ಲದ ಬಸ್ಸು ಇನ್ನೂ ಹೊರಟಿರಲಿಲ್ಲ. ಕಿಟಕಿಯಿಂದ ಟವಲ್ ಎಸೆದು ಮೂವರ ಸೀಟನ್ನು ಪೂರ್ತಿ ಹಿಡಿದಿದ್ದ ನಿವೃತ್ತ ಮೇಷ್ಟ್ರು, ಬಾರದ ಗೆಳೆಯರಿಗೆ ಕಾಯುತ್ತಾ, ಪಕ್ಕದಲ್ಲಿ ನಿಂತಿದ್ದ ನನಗೆ ಪಾಠ ಹೇಳುತ್ತಿದ್ದರು: "ರೋಮ್‌ನೋರಾಗ್ಲಿ, ಬ್ರಿಟಿಷರಾಗ್ಲಿ, ಅಳತೆ ಮೀರಿ ಹಿಡ್ಕೊಂಡೇ ಕೆಟ್ಟಿದ್ದು ಕಣಪ್ಪ. ಅಮೆರಿಕದೋರು ಇನ್ನೂ ಕಲ್ತಿಲ್ಲ."

ಮಂಡಿ ಉಜ್ಜಿಕೊಳ್ಳುತ್ತಾ ನಿಂತಿದ್ದ ಅಜ್ಜಿಯೊಬ್ಬರು ಕೇಳಿದರು: "ಮೇಷ್ಟ್ರೇ, ನಿಮ್ ಟವಲ್‌ಗೆ ಕಾಲು ನೋವಾ? ಅದು ಕೂತೈತೆ, ನಾನು ನಿಂತಿದೀನಿ."

ಬಸ್ಸೆಲ್ಲ ನಕ್ಕಿತು. ಮೇಷ್ಟ್ರೂ ನಕ್ಕು, ಟವಲ್ ಹೆಗಲಿಗೇರಿಸಿ ಕಿಟಕಿಯತ್ತ ಸರಿದರು. ನಕ್ಕಿದ್ದು ಮೊದಲೋ ಸರಿದದ್ದು ಮೊದಲೋ, ನನಗೆ ಈಗಲೂ ಖಚಿತವಿಲ್ಲ.

ಅಜ್ಜಿ ಉಸ್ಸೆಂದು ಕೂತರು. ಉಳಿದ ಜಾಗದಲ್ಲಿ ಕೂರಲು ನಾನು ಬಾಗುವಷ್ಟರಲ್ಲಿ ಅವರ ಕೈಚೀಲ ಅಲ್ಲಿಗೆ ಬಂದಿತ್ತು.

"ನಮ್ಮಕ್ಕ ಬರ್ತಾವ್ಳೆ, ಇರಪ್ಪ."